ನನ್ನ ಕತ್ತಿನಲ್ಲೂ ಒಂದಿಷ್ಟು ಹೂಳು ತೋರಿಸಿ

ಹೊಸಪೇಟೆಯ ಆಸ್ಪತ್ರೆಯೊಂದರ ತಂಪು ಕೋಣೆಯಲ್ಲಿ ವಿರಾಜಮಾನರಾಗಿ, ಬಂದವರ ಕತ್ತಿನ ರಕ್ತನಾಳಗಳನ್ನು ಸ್ಕ್ಯಾನ್ ಮಾಡುವ ಯಂತ್ರ ಮಹಾಶಯರ ಸನ್ನಿಧಿಗೆ,

ಮಾನ್ಯರೇ,

ಹಂಪಸಾಗರದ ಉಚ್ಚಂಗೆಪ್ಪ, ವಯಸ್ಸು ಅರವತ್ತೊಂಬತ್ತು, ಏಳನೇ ಕ್ಲಾಸು ಪಾಸು, ಕಾಲುವೆಯ ಮಾಜಿ ನೀರುಗಂಟಿ, ಮಾಡುವ ಶಿರಸಾಷ್ಟಾಂಗ ನಮಸ್ಕಾರಗಳು. ಹೂಳು ಎಲ್ಲಿ ಕೂತಿದೆ ಎಂದು ನಾನು ದಂಡೆಯ ಮೇಲೆ ನಿಂತೇ ಹೇಳುತ್ತಿದ್ದೆ, ಎಂಜಿನಿಯರ್ ಸಾಹೇಬರು ಆಮೇಲೆ ಅಳೆದು ಹೌದೆನ್ನುತ್ತಿದ್ದರು. ಆದ್ದರಿಂದ ಇದನ್ನು ಕಸುಬುದಾರನೊಬ್ಬ ಇನ್ನೊಬ್ಬ ಕಸುಬುದಾರರಿಗೆ ಬರೆದದ್ದೆಂದು ಭಾವಿಸಬೇಕು.

ಕಳೆದ ತಿಂಗಳು, ಕೂಡ್ಲಿಗಿಯಲ್ಲಿ ಗುಮಾಸ್ತನಾಗಿರುವ ನನ್ನ ತಮ್ಮನ ಮಗ ಹುಲುಗೇಶನಿಗೆ ಒಂದು ಕಣ್ಣು ಐದು ನಿಮಿಷ ಕತ್ತಲಾಗಿ ಮತ್ತೆ ಬೆಳಕಾಯಿತು. ತಮ್ಮ ಮುಂದೆ ಮಲಗಿಸಿದರೆ, ಮೂವತ್ತೊಂಬತ್ತರ ಹುಡುಗನ ಎಡಗತ್ತಿನ ನಾಳ ಅರ್ಧ ಮುಚ್ಚಿದೆ ಎಂದು ತೋರಿಸಿದಿರಿ. ಮುದುಕರಿಗಾದರೆ ವಯಸ್ಸು, ಬಿಪಿ ಎರಡೇ ಸಾಕು, ಈ ವಯಸ್ಸಿನವರಿಗೆ ಸಿಗರೇಟು, ಸಕ್ಕರೆ ಕಾಯಿಲೆ, ಕುರ್ಚಿ ಬಿಟ್ಟೇಳದ ಹೊಟ್ಟೆ ಸೇರಿ ಹೀಗೆ ಮಾಡುತ್ತವೆ, ಮುಂದಿನ ಸಲ ಬೆಳಕು ಮರಳದೆಯೂ ಇರಬಹುದು ಎಂದರು ಡಾಕ್ಟರಮ್ಮ. ನಾನೂ ಜಂಬದಿಂದ ಕತ್ತು ಚಾಚಿ ಮಲಗಿದೆ. ಐವತ್ತು ವರ್ಷದಿಂದ ದಿನಕ್ಕೊಂದು ಕಟ್ಟು ಬೀಡಿ ಕಂಡ ಈ ಕತ್ತಿನಲ್ಲಿ ತಮ್ಮ ದಿವ್ಯದೃಷ್ಟಿಗೆ ಏನೂ ಕಾಣಲಿಲ್ಲ. ಅದು ಅದೃಷ್ಟವೇ ಹೊರತು ಬೀಡಿಗೆ ಕೊಟ್ಟ ಸರ್ಟಿಫಿಕೇಟಲ್ಲ ಎಂದು ಡಾಕ್ಟರಮ್ಮ ಗದರಿದರೂ, ಆ ವರದಿಯ ಕಾಗದಕ್ಕೆ ಪ್ಲಾಸ್ಟಿಕ್ ಹೊದಿಸಿ ಹಗರಿಬೊಮ್ಮನಹಳ್ಳಿಯ ಚಹಾದಂಗಡಿಗಳಲ್ಲೆಲ್ಲ ಓದಿಸಿದವನು ನಾನೇ.

ಅದೇ ಈಗ ನನ್ನ ಕುತ್ತಿಗೆಗೆ ಬಂದಿದೆ. ಹುಲುಗೇಶ ಸಿಗರೇಟು ಹಚ್ಚಿ, "ಐವತ್ತು ವರ್ಷ ಸೇದಿದ್ರೂ ನಿನ್ನ ಕತ್ತು ಕನ್ನಡಿ ಇದ್ದಂಗ ಐತಿ, ದೊಡ್ಡಪ್ಪ. ನನ್ನ ಮೈಯಾಗೂ ಅದ ರಕ್ತ ಅಲ್ಲೇನು?" ಎನ್ನುತ್ತಾನೆ. ಅವನ ಹೆಂಡತಿ ಹಂಪಮ್ಮ ನನಗೆ ಚಹಾ ಕೊಡುವುದನ್ನೇ ನಿಲ್ಲಿಸಿ, "ಮಾವ, ಆ ಕಾಗದ ಮೊದಲು ಒಲಿಗೆ ಹಾಕ್ರಿ" ಎಂದಳು.

ಆದಕಾರಣ ತಾವು ದಯಮಾಡಿ ನನ್ನ ಕತ್ತು ಮುಕ್ಕಾಲು ಭಾಗ ಮುಚ್ಚಿದೆ ಎಂದು ತಿದ್ದುಪಡಿ ವರದಿ ಹೊರಡಿಸಬೇಕು. ಸುಳ್ಳು ಬರೆಯಲು ಕಾಯ್ದೆ ಅಡ್ಡ ಬಂದರೆ, ಅವನ ನಾಳದ ಹೂಳನ್ನೇ ತೆಗೆದು ನನ್ನದಕ್ಕೆ ಹಾಕಿಬಿಡಿ. ನನಗೆ ವಯಸ್ಸಾಗಿದೆ, ನನ್ನದು ಅಗಲವಾದ ಕಾಲುವೆ, ತಡೆಯುತ್ತದೆ.

ತಮ್ಮ ವಿಶ್ವಾಸಿ, ತಮ್ಮಿಂದಲೇ ಕೆಟ್ಟವನಾದ,
ಉಚ್ಚಂಗೆಪ್ಪ

ತಾ.ಕ.: ತಮ್ಮ ಉತ್ತರಕ್ಕೆ ಕಾಯಲಾಗದೆ ನಾನೇ ಹುಲುಗೇಶನಿಗೆ, ಆಸ್ಪತ್ರೆಯಿಂದ ಫೋನು ಬಂದಿತ್ತು, ನನ್ನ ನಾಳವೂ ಮುಚ್ಚಿದೆಯಂತೆ ಎಂದು ಹೇಳಿಬಿಟ್ಟೆ. ಕಾಗದ ಕೇಳುತ್ತಾನೆಂದುಕೊಂಡರೆ ಹುಡುಗ ನನ್ನ ಕೈ ಹಿಡಿದು, "ಹಂಗಾದ್ರ ಇಬ್ರೂ ಕೂಡೇ ಬಿಡೋಣು, ದೊಡ್ಡಪ್ಪ" ಎಂದ. ಬೀಡಿಯಿಲ್ಲದೆ ನನಗಿಂದು ನಾಲ್ಕನೇ ದಿನ. ಅವನು ಪತ್ರಿಕೆ ಓದುವವನಲ್ಲ, ಅದಕ್ಕೇ ಈ ಪತ್ರವನ್ನು ಧೈರ್ಯವಾಗಿ ಅಚ್ಚಿಗೆ ಕೊಟ್ಟಿದ್ದೇನೆ. ತಾವು ಇಷ್ಟು ವರ್ಷ ನಿಜ ಹೇಳಿ ಎಷ್ಟು ಜನರ ಚಟ ಬಿಡಿಸಿದ್ದೀರೋ ಕಾಣೆ. ನನ್ನ ಒಂದೇ ಸುಳ್ಳು ಎರಡು ಬಿಡಿಸಿದೆ.