ನಾಲ್ಕು ಸೊರಗುವ ಪೋರ್ಟು, ಒಬ್ಬ ಮಾಮಾ

ನಾನು ಶಾಲೆ ಬಿಟ್ಟದ್ದು ಎರಡು ಸಾವಿರದ ನಾಲ್ಕರಲ್ಲಿ, ಒಂಬತ್ತನೇ ತರಗತಿಯ ನಡುವೆ. ನಮ್ಮ ಸೋದರಮಾವ ಬುದ್ಧಿ ಬಿಟ್ಟದ್ದು ಯಾವ ವರ್ಷ ಎಂಬುದು ಮಾತ್ರ ಬಳಗದಲ್ಲಿ ಇನ್ನೂ ಇತ್ಯರ್ಥವಾಗಿಲ್ಲ. ಮದುವೆಗೆ ಮುಂಚೆಯೇ ಬಿಟ್ಟಿದ್ದ ಎನ್ನುತ್ತಾಳೆ ಅತ್ತೆ. ನನ್ನ ಪ್ರಕಾರ ಅದು ಎರಡು ಸಾವಿರದ ಹನ್ನೊಂದು, ಶಹಾಬಾದಿನ ತನ್ನ ಫೋಟೋ ಸ್ಟುಡಿಯೋಕ್ಕೆ ಆತ ಹೊಸ ಕಂಪ್ಯೂಟರ್ ತಂದ ವರ್ಷ.

ಅಷ್ಟರಲ್ಲಿ ನಾನು ಕಲ್ಲು ಪಾಲಿಶ್ ಮಾಡುವ ಕೆಲಸ ಬಿಟ್ಟು ಅವನ ಸ್ಟುಡಿಯೋದಲ್ಲಿ ಕ್ಯಾಮೆರಾ ಹಿಡಿದಿದ್ದೆ. ಸೇರಿದ ದಿನವೇ ಒಂದು ಷರತ್ತು ಹಾಕಿದ್ದೆ: ನನ್ನ ಕೆಲಸಕ್ಕೆ ಯಾರೂ ಕೈ ಹಚ್ಚಬಾರದು. ಶಾಲೆ ಬಿಟ್ಟವನ ಕೆಲಸ ಎಂದರೆ ತಿದ್ದಲು ಎಲ್ಲರೂ ಬರುತ್ತಾರೆ ನೋಡಿ! ಮಾಮಾ 'ಆಗಲಿ' ಎಂದು ತಲೆಯಾಡಿಸಿದ.

ಕಂಪ್ಯೂಟರ್ ಬಂದು ತಿಂಗಳಾಗಿರಲಿಲ್ಲ, ಮಾರಿದ ಅಂಗಡಿಯವರು ಕಲಬುರಗಿಯಿಂದ ಫೋನ್ ಮಾಡಿದರು. ಮದರ್‌ಬೋರ್ಡಿನ ಚಿಪ್‌ಸೆಟ್‌ನಲ್ಲಿ ಹುಟ್ಟುದೋಷವಿದೆಯಂತೆ. ಹಾರ್ಡ್ ಡಿಸ್ಕಿನ ವೈರು ಚುಚ್ಚುವ ಪೋರ್ಟುಗಳು ಒಟ್ಟು ಆರು. ಎರಡು ಗಟ್ಟಿ, ಉಳಿದ ನಾಲ್ಕು ವರ್ಷ ಕಳೆದಂತೆ ಸೊರಗುತ್ತವಂತೆ. ವಾಪಸ್ ತಂದರೆ ಪುಕ್ಕಟೆ ಬೇರೆ ಬೋರ್ಡು ಹಾಕಿಕೊಡುತ್ತಾರಂತೆ. ಬುದ್ಧಿ ಇದ್ದವರು ಏನು ಮಾಡುತ್ತಾರೆ? ಮರುದಿನ ಮೊದಲ ಬಸ್ಸು ಹತ್ತುತ್ತಾರೆ. ಮಾಮಾ ನನ್ನನ್ನು ಕೂರಿಸಿಕೊಂಡು ತಿಳಿಹೇಳಿದ:

"ನೋಡಪಾ ಅಳಿಯಾ, ಇದರ ದೋಷ ಏನಂತ ನಮಗ ಗೊತ್ತಾಗ್ಯಾದ. ಹೊಸಾದು ಕೊಟ್ರ ಅದರ ದೋಷ ಯಾರು ಹೇಳ್ತಾರ?"

ಹೀಗೆ ಆ ಬೋರ್ಡು ಉಳಿಯಿತು. ಇಂದಿಗೂ ಇದೆ, ಹಣೆಗೆ ಹಚ್ಚಿದ ಕುಂಕುಮದ ಸಮೇತ. ಬದಲಿಸೋಣ ಎಂದಾಗಲೆಲ್ಲ ಮಾಮಾ ಊಟ ಬಿಡುತ್ತಾನೆ.

ಆರೂ ಪೋರ್ಟುಗಳಿಗೆ ಆತ ನಾವು ಮದುವೆ ತೆಗೆಯಲು ಹೋಗುವ ಊರುಗಳ ಹೆಸರಿಟ್ಟ. ಗಟ್ಟಿಯವು ಶಹಾಬಾದ್ ಮತ್ತು ವಾಡಿ. ಸೊರಗುವವು ಸೇಡಂ, ಚಿತ್ತಾಪುರ, ಚಿಂಚೋಳಿ, ಕುರಕುಂಟಾ. ಹೊಲವನ್ನು ಬೀಳು ಬಿಡುವ ಹಾಗೆ ವಾರಕ್ಕೊಂದು ಪೋರ್ಟಿಗೆ ರಜೆ ಕೊಟ್ಟ. ಒಮ್ಮೆ ಮಗಳ ಆಲ್ಬಮ್ ಒಯ್ಯಲು ಬಂದ ಚಿತ್ತಾಪುರದ ಹಿರಿಯರು ಬಾಗಿಲಲ್ಲಿ ಕುಳಿತಿದ್ದಾಗಲೇ ಒಳಗಿನಿಂದ ಮಾಮಾನ ದನಿ ಬಂತು:

"ಚಿತ್ತಾಪುರದಾಗ ಇನ್ನ ಜೀವ ಉಳಿದಿಲ್ಲ, ಬಿಟ್ಹಾಕು."

ಹಿರಿಯರು ಎದ್ದು ನಿಂತರು. "ಮುಂಜಾನಿ ನಾ ಬರಾಗ ಎಲ್ಲಾ ಛಲೋ ಇತ್ತಲ್ರಿ?"

ಅವರಿಗೆ ಚಹಾ ಕುಡಿಸಿ ಚಿಪ್‌ಸೆಟ್ ಎಂದರೇನೆಂದು ತಿಳಿಸುವಷ್ಟರಲ್ಲಿ ಜೀವ ಹೋದದ್ದು ನನ್ನದು.

ಇದನ್ನೂ ಸಹಿಸಬಹುದಿತ್ತು. ಸಹಿಸಲಾಗದ್ದು ವಾಡಿ. ಶಹಾಬಾದ್ ಪೋರ್ಟು ಕಂಪ್ಯೂಟರ್ ಎಬ್ಬಿಸುವ ಡಿಸ್ಕಿಗೆ ಹೋಯಿತು, ಸರಿ. ಉಳಿದ ಒಂದೇ ಒಂದು ಗಟ್ಟಿ ಪೋರ್ಟಿಗೆ ಮಾಮಾ ತನ್ನ ಖಾಸಗಿ ಡಿಸ್ಕ್ ಚುಚ್ಚಿ, ಅದರ ಮೇಲೆ 'ಕೈ ಹಚ್ಚಬೇಡ' ಎಂದು ಚೀಟಿ ಅಂಟಿಸಿದ. ಹಗಲೆಲ್ಲ ಅದಕ್ಕೆ ಉಪವಾಸ. ಕರೆಂಟಿನ ವೈರು ಕಿತ್ತಿರುತ್ತದೆ. ಸಂಜೆ ನಾನು ಮನೆಗೆ ಹೊರಟ ಮೇಲೆ ವೈರು ಹಾಕಿಕೊಂಡು ಒಬ್ಬನೇ ಅದರ ಮುಂದೆ ಕೂರುತ್ತಾನೆ. ಅತ್ತೆಗೆ ಸುದ್ದಿ ಮುಟ್ಟದೆ ಇರುತ್ತದೆಯೇ? ಒಂದು ದಿನ ಸ್ಟುಡಿಯೋಕ್ಕೇ ಬಂದು ನನ್ನನ್ನು ಪಕ್ಕಕ್ಕೆ ಕರೆದಳು.

"ಖರೇ ಹೇಳು, ಆ ಡಬ್ಬಿದಾಗ ಯಾರಿದ್ದಾಳ?"

ನನಗೇನು ಗೊತ್ತು? ನನಗೆ ಗೊತ್ತಿದ್ದದ್ದು ಇಷ್ಟೇ: ನನ್ನ ಬೆವರೆಲ್ಲ ಸಾಯುವ ಪೋರ್ಟುಗಳಿಗೆ, ಮಾಮಾನ ಗುಟ್ಟು ಬದುಕುವ ಪೋರ್ಟಿಗೆ. ಇನ್ನೊಂದು ಕಾಪಿ ಇಟ್ಟುಕೋ ಎಂದು ಆತ ಎರಡು ಸಲ ಹೇಳಿದ್ದ. ನನ್ನ ಕೆಲಸ ನನಗೆ ಗೊತ್ತು ಎಂದು ಎರಡು ಸಲವೂ ಬಾಯಿ ಮುಚ್ಚಿಸಿದ್ದೆ.

ಈ ವರ್ಷ ಚಿಂಚೋಳಿಯಲ್ಲಿ ಒಂದು ದೊಡ್ಡ ಮದುವೆ ತೆಗೆದೆ. ಅಂಥ ಕೆಲಸ ನಾನು ಹಿಂದೆಂದೂ ಮಾಡಿರಲಿಲ್ಲ. ಫೋಟೋಗಳನ್ನು ಡಿಸ್ಕಿಗೆ ಇಳಿಸಿ, ಕ್ಯಾಮೆರಾದ ಕಾರ್ಡನ್ನು ಆಡಕಿ ಊರಿನ ಒಂದು ತೊಟ್ಟಿಲ ಕಾರ್ಯಕ್ಕೆ ಖಾಲಿ ಮಾಡಿದೆ. ವಾರ ಕಳೆದು ಆಲ್ಬಮ್ ಜೋಡಿಸಲು ಕೂತರೆ ಡಿಸ್ಕೇ ಕಾಣುತ್ತಿಲ್ಲ! ಸೇಡಂಗೆ ಚುಚ್ಚಿದೆ, ಇಲ್ಲ. ಕುರಕುಂಟಾಕ್ಕೆ ಚುಚ್ಚಿದೆ, ಅಲ್ಲೂ ಇಲ್ಲ. ಮದುವೆಯವರು ಮರುದಿನ ಬರುವವರಿದ್ದರು. ಇನ್ನೊಮ್ಮೆ ತಾಳಿ ಕಟ್ಟಿ ಎಂದು ಅವರಿಗೆ ಹೇಳಲಾಗುತ್ತದೆಯೇ?

ಮಾಮಾ ಯಾರಿಗೋ ಆಲ್ಬಮ್ ಕೊಡಲು ಗುಂಡಗುರ್ತಿಗೆ ಹೋಗಿದ್ದ. ವಾಡಿಯಿಂದ ಅವನ ಡಿಸ್ಕ್ ಕಿತ್ತು ನನ್ನದನ್ನು ಚುಚ್ಚಿದೆ. ಡಿಸ್ಕ್ ಕಂಡಿತು. ಆದರೆ ಫೋಟೋ ಇಳಿಸುವಾಗಲೇ ಪೋರ್ಟು ಕೈಕೊಟ್ಟಿರಬೇಕು. ಮದುಮಗಳಿಗೆ ಹಣೆಯಿಂದ ಕೆಳಗೆಲ್ಲ ಬೂದಿ ಬಣ್ಣ. ಒಂದಲ್ಲ, ಎಲ್ಲ ಫೋಟೋಗಳೂ ಹಾಗೆಯೇ. ಇಷ್ಟು ವರ್ಷ ತಲೆಯೆತ್ತಿ ದುಡಿದವನು ಆ ಸ್ಟೂಲಿನ ಮೇಲೆ ತಲೆ ತಗ್ಗಿಸಿ ಕೂತೆ.

ಆಮೇಲೆ ಸಿಟ್ಟು ಬಂತು. ಒಂದು ಗಟ್ಟಿ ಪೋರ್ಟನ್ನು ಇಷ್ಟು ವರ್ಷ ನುಂಗಿದ್ದು ಯಾರೆಂದು ನೋಡಿಯೇಬಿಡುತ್ತೇನೆ ಎಂದು ಮಾಮಾನ ಡಿಸ್ಕನ್ನು ಮತ್ತೆ ವಾಡಿಗೆ ಚುಚ್ಚಿ ಕರೆಂಟು ಕೊಟ್ಟೆ.

ಡಬ್ಬಿಯಲ್ಲಿದ್ದವನು ನಾನು. ನಾನು ತೆಗೆದ ಒಂದೊಂದು ಮದುವೆಗೂ ಒಂದೊಂದು ಫೋಲ್ಡರು. ಅವಕ್ಕೂ ಮೊದಲಿನ ಒಂದರಲ್ಲಿ ನಾನು ತೆಗೆದ ಮೊಟ್ಟಮೊದಲ ಪಾಸ್‌ಪೋರ್ಟ್ ಫೋಟೋ, ಗಿರಾಕಿಯ ನೆತ್ತಿ ಕತ್ತರಿಸಿ ಹೋದದ್ದು. ಕೊನೆಯದರಲ್ಲಿ ಚಿಂಚೋಳಿಯ ಮದುಮಗಳು, ಹಣೆಯ ಬಾಸಿಂಗದಿಂದ ಕಾಲಿನ ಕಾಲುಂಗುರದವರೆಗೆ. ಕಾರ್ಡು ಖಾಲಿಯಾಗುವ ಮೊದಲೇ ಆತ ಇಳಿಸಿಕೊಂಡಿದ್ದ. ಹುಡುಕಿದೆ, ಹುಡುಕಿದೆ, ಮಾಮಾ ತೆಗೆದದ್ದು ಒಂದೂ ಇರಲಿಲ್ಲ.

ಆತ ಬಂದಾಗ ಡಬ್ಬಿಯ ಮುಚ್ಚಳ ತೆರೆದೇ ಇತ್ತು. ನೋಡಿ ಬಾಗಿಲಲ್ಲೇ ನಿಂತ.

"ನಿನ್ನವು ಎಲ್ಲಿ ಅವ ಮಾಮಾ?" ಎಂದೆ.

"ಸೇಡಂದಾಗ ಇದ್ವು. ಕುರಕುಂಟಾದಾಗ ಇದ್ವು."

"ನನಗ ಯಾಕ ಹೇಳಲಿಲ್ಲ?"

"ನಿನ್ನ ಕೆಲಸಕ್ಕ ಕೈ ಹಚ್ಚಬ್ಯಾಡ ಅಂದಿದ್ದಿ. ನಾ ಎಲ್ಲಿ ಹಚ್ಚೀನಿ? ನಕಲು ತಗೊಂಡೀನಿ, ಅಷ್ಟೇ." ಚಪ್ಪಲಿ ಬಿಟ್ಟು ಒಳಗೆ ಬಂದ. "ನಿಮ್ಮ ಅತ್ತಿ ಮುಂದ ಹೇಳಬ್ಯಾಡ. ಇನ್ನೊಬ್ಬಾಕಿ ಅದಾಳಂತ ತಿಳಕೊಂಡು ಈಗೀಗ ಭಾಳ ಛಂದ ಅಡಗಿ ಮಾಡ್ಲಿಕತ್ತಾಳ."

ಮರುದಿನ ಚಿಂಚೋಳಿಯವರಿಗೆ ಫೋಟೋ ತೋರಿಸಿ ಕಳುಹಿಸಿದ ಮೇಲೆ ವಾಡಿಯ ಮೇಲಿನ ಚೀಟಿ ಕಿತ್ತೆ. ಈಗ ಸಂಜೆ ಕೂರುವವನು ನಾನು. ಮಾಮಾನ ಹಳೆಯ ಡಿಸ್ಕುಗಳನ್ನು ಒಂದೊಂದಾಗಿ ಅದಕ್ಕೆ ಚುಚ್ಚಿ, ಪೂರ್ತಿ ಉಳಿದ ಮದುವೆಗಳನ್ನು ಹೆಕ್ಕಿ ಹೊಸ ಡಿಸ್ಕಿಗೆ ತೆಗೆದಿಡುತ್ತೇನೆ. ಹೆಚ್ಚಿನವು ಬೂದಿಯೇ.

ಇಂದಿಗೆ ಇರುವುದು ಇಷ್ಟು: ಸ್ಟುಡಿಯೋ ಒಂದು, ಕ್ಯಾಮೆರಾ ಎರಡು, ಗಟ್ಟಿ ಪೋರ್ಟು ಎರಡು. ನಾನು ತೆಗೆದ ಮದುವೆಗಳು ಮುನ್ನೂರ ಹನ್ನೆರಡು. ಮಾಮಾ ತೆಗೆದವುಗಳಲ್ಲಿ ಉಳಿದವು ಹತ್ತೊಂಬತ್ತು.