ಒಂದು ತಪ್ಪನ್ನೂ ಬಿಟ್ಟಿಲ್ಲ!

“ಶುಕ್ರವಾರದೊಳಗೆ ಇವಳ ಕೈಲಿ ಒಂದು ಇಡೀ ಕಾದಂಬರಿ ಓದಿಸದೇ ಹೋದ್ರೆ ನಾನು ಇವಳಪ್ಪನೇ ಅಲ್ಲ!” ಎಂದು ಮೇಜು ಗುದ್ದಿ ಸಾರಿದೆ.

“ಶಾಲೆ ದಾಖಲೆಯಲ್ಲಿ ಬರೆಸಿಯಾಗಿದೆ ರೀ, ಇನ್ನು ಬದಲಾಯಿಸೋಕಾಗಲ್ಲ,” ಎಂದಳು ಹೆಂಡತಿ. ಅವಳು ಅದೇ ಶಾಲೆಯ ಗ್ರಂಥಪಾಲಕಿ.

ಏಳನೇ ತರಗತಿಯ ನಮ್ಮ ಮಗಳು ಈವರೆಗೆ ಒಂದು ಕತೆ ಪುಸ್ತಕವನ್ನೂ ಮುಗಿಸಿದವಳಲ್ಲ. ಮೂರನೇ ಪುಟಕ್ಕೆ ಆಕಳಿಕೆ, ಐದನೆಯದಕ್ಕೆ ಹೊಟ್ಟೆನೋವು! ಶುಕ್ರವಾರ ತರಗತಿಯಲ್ಲಿ ಪ್ರತಿಯೊಬ್ಬರೂ ತಾವು ಓದಿದ ಪುಸ್ತಕದ ಬಗ್ಗೆ ಐದು ನಿಮಿಷ ಮಾತಾಡಬೇಕಿತ್ತು. ಕಳೆದ ಸಲ ಇವಳು ಬರೀ ಪುಸ್ತಕದ ಹೆಸರು ಹೇಳಿ ಪಿಳಿಪಿಳಿ ಕಣ್ಣು ಬಿಟ್ಟು ನಿಂತಿದ್ದಳಂತೆ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಟುಕೊಂಡು ಅತ್ತಿದ್ದಳು.

“ಪುಸ್ತಕ ಆರಿಸೋದು ನನಗೆ ಬಿಡಿ,” ಎಂದಳು ಹೆಂಡತಿ.

“ಇಪ್ಪತ್ತು ವರ್ಷದಿಂದ ಅಚ್ಚುಮನೆಯಲ್ಲಿ ಕರಡು ತಿದ್ದುತ್ತಿದ್ದೀನಿ. ಅಕ್ಷರದ ವಿಷಯ ನನಗೇ ಹೇಳ್ತೀಯಾ?”

ಅವಳು ತಲೆ ಚಚ್ಚಿಕೊಂಡು ಐದು ಪುಸ್ತಕ ತಂದುಕೊಟ್ಟಳು. ಒಂದರಲ್ಲಿ ನಾಯಿ ಸಾಯುತ್ತಿತ್ತು, ಬೇಡ. ಇನ್ನೊಂದರಲ್ಲಿ ತಾತ ಪುಟಕ್ಕೊಂದು ಬುದ್ಧಿವಾದ ಹೇಳುತ್ತಿದ್ದ. ಅದಕ್ಕೆ ಮನೆಯಲ್ಲಿ ನಾನೇ ಇದ್ದೇನೆ. ಮೂರನೆಯದರ ದಪ್ಪ ನೋಡಿದರೆ ಮಗಳು ಅದನ್ನು ತಲೆದಿಂಬು ಮಾಡಿಕೊಳ್ಳುವುದು ಖಂಡಿತ. ನಾಲ್ಕನೆಯದರಲ್ಲಿ ಮಕ್ಕಳು ಅಪ್ಪನಿಗೆ ಹೇಳದೆ ಮನೆ ಬಿಟ್ಟು ಓಡುತ್ತಾರೆ! ಸೋಮವಾರ ಹೋಯಿತು, ಮಂಗಳವಾರವೂ ಹೋಯಿತು. ಕೂತಲ್ಲಿ ಕೂರಲಾರೆ, ನಿಂತಲ್ಲಿ ನಿಲ್ಲಲಾರೆ. ಮೆಟ್ಟಿಲ ಮೇಲೆ ಓದಿದೆ, ಬಸ್ಸಿನಲ್ಲಿ ಓದಿದೆ, ಇಳಿಯುವ ನಿಲ್ದಾಣ ದಾಟಿದರೂ ಓದಿದೆ.

ಬುಧವಾರ ಐದನೆಯದು ಕೈಗೆ ಬಂತು. ದೀಪಸ್ತಂಭದ ಕಾವಲುಗಾರ, ಅವನ ಮಕ್ಕಳು, ಕಳ್ಳಸಾಗಣೆದಾರರು. ಭಲೇ! ಆದರೆ ಎರಡನೇ ಪುಟದಲ್ಲೇ ಒಂದು ಒತ್ತಕ್ಷರ ಮಾಯ. ಒತ್ತು ತಪ್ಪಿದರೆ ನನಗೆ ರಕ್ತದೊತ್ತಡ! ಕೈ ತಾನಾಗಿ ಜೇಬಿಗೆ ಹೋಯಿತು, ಕೆಂಪು ಪೆನ್ನು ಹೊರಬಂತು. ಗುರುವಾರ ಬೆಳಗ್ಗೆ ನೋಡಿದರೆ ನೂರಿಪ್ಪತ್ತು ಪುಟವೂ ಕೆಂಪು.

“ಅಯ್ಯೋ! ಲೈಬ್ರರಿ ಪುಸ್ತಕ ರೀ ಇದು!” ಹೆಂಡತಿ ಹೌಹಾರಿದಳು. “ಪುಸ್ತಕದಲ್ಲಿ ಗೀಚಿದ ಮಕ್ಕಳನ್ನ ನಾನು ಬಾಗಿಲ ಹತ್ರ ನಿಲ್ಲಿಸ್ತೀನಿ. ನಿಮ್ಮನ್ನ ಎಲ್ಲಿ ನಿಲ್ಲಿಸಲಿ?”

“ಗೀಚಿದ್ದಲ್ಲ ಕಣೇ, ತಿದ್ದಿದ್ದು! ಒಂದೇ ಒಂದು ತಪ್ಪನ್ನೂ ಬಿಟ್ಟಿಲ್ಲ. ಯಾರು ಬೇಕಾದ್ರೂ ಹುಡುಕಲಿ!”

ಕುರ್ಚಿಯಲ್ಲಿ ಕಾಲಾಡಿಸುತ್ತಿದ್ದ ಮಗಳು ತಟ್ಟನೆ ತಲೆಯೆತ್ತಿದಳು. “ಯಾರು ಬೇಕಾದ್ರೂನಾ ಅಪ್ಪಾ?” ಎಂದವಳೇ ಪುಸ್ತಕ ಕಸಿದುಕೊಂಡು ಕೋಣೆ ಸೇರಿದಳು.

ಶುಕ್ರವಾರ ನಾನು ಮುಟ್ಟಿದ ಕರಡೆಲ್ಲ ಕೆಟ್ಟವು. ಗಡಿಯಾರ ನೋಡಿ ನೋಡಿ ಕತ್ತು ನೋವು ಬಂತು. ಸಂಜೆ ಮಗಳು ಕುಣಿಯುತ್ತ ಬಂದಳು.

“ಐದಲ್ಲ ಅಪ್ಪಾ, ಹತ್ತು ನಿಮಿಷ ಮಾತಾಡಿದೆ! ಟೀಚರೇ ಸಾಕಮ್ಮಾ ಅಂದ್ರು. ಪುಸ್ತಕ ಪೂರ್ತಿ ಓದಿದೆ, ಒಂದು ಸಾಲೂ ಬಿಡದೆ!”

ಸಂತೋಷಕ್ಕೆ ಕಣ್ಣು ಒದ್ದೆಯಾಯಿತು. ಎದೆಯುಬ್ಬಿಸಿ ಹೆಂಡತಿಯತ್ತ ತಿರುಗಿದೆ. “ನೋಡಿದ್ಯಾ ನನ್ನ ಆಯ್ಕೆ! ಕತೆ ಅಷ್ಟು ಹಿಡಿಸ್ತಾ ಪುಟ್ಟಾ?”

“ಕತೆ ಆಮೇಲೆ ಹಿಡಿಸ್ತು. ಮೊದಲು ಓದಿದ್ದು ನಿನ್ನ ತಪ್ಪು ಹುಡುಕೋಕೆ. ಸಿಕ್ತು! ತೊಂಬತ್ತೇಳನೇ ಪುಟ.”

ಕಿತ್ತುಕೊಂಡು ನೋಡಿದೆ. ‘ಮಕ್ಕಳು ಸುತ್ತ ಕೂತರು. ಅಪ್ಪ ಕತ್ತೆ ಶುರುಮಾಡಿದ.’ ‘ಕತೆ’ಗೆ ಬೇಡದ ಒತ್ತು ಬಿದ್ದಿತ್ತು. ಸುತ್ತಮುತ್ತ ಒಂದು ಚುಕ್ಕೆ ಕೆಂಪೂ ಇಲ್ಲ.

“‘ಅಪ್ಪ ಕತ್ತೆ’ ಅಂತಿದೆ. ನೀನು ತಿದ್ದೇ ಇಲ್ಲ!”

ಹೆಂಡತಿ ಕನ್ನಡಕ ಏರಿಸಿ ಇಣುಕಿದಳು. “ಸರಿಯಾಗೇ ಇದೆಯಲ್ಲೇ. ತಿದ್ದೋದೇನಿದೆ?”