ಟೀ ಪುಡಿಗೆ ಪ್ರವೇಶವಿಲ್ಲ

"ಇವತ್ತಿನಿಂದ ಟೀ ಪುಡಿ ಅನ್ನೋದು ಈ ಮನೆ ಹೊಸ್ತಿಲು ದಾಟಕೂಡದು!" ಎಂದು ಅಡುಗೆಮನೆಯ ಬಾಗಿಲಲ್ಲಿ ನಿಂತು ಘೋಷಿಸಿದೆ.

"ಸರಿ ಬಿಡಿ, ಬೆಳಿಗ್ಗೆ ನೀರು ಕುಡೀರಿ," ಎಂದಳು ಹೆಂಡತಿ, ತಿರುಗಿ ಕೂಡ ನೋಡದೆ.

"ಇನ್ನು ಬರೋದು ಟೀ ಎಲೆ! ಇಡೀ ಎಲೆ! ಭಾನುವಾರ ನಿಮ್ಮಮ್ಮ ಬರ್ತಾರಲ್ಲ, ಒಂದು ಗುಟುಕು ಕುಡಿದು 'ಭೇಷ್ ಅಳಿಯಂದಿರೇ' ಅನ್ನಲಿಲ್ಲ ಅಂದ್ರೆ ಕೇಳು!"

"ಅಮ್ಮ? ಭೇಷ್? ನಿಮಗೆ?" ಎಂದಳು. ನನ್ನನ್ನು ಸುತ್ತಿ ಮೂಲೆಗಿಡಲು ಅವಳಿಗೆ ಅಷ್ಟೇ ಮಾತು ಸಾಕು.

ಅವಳ ಅನುಮಾನ ಸುಳ್ಳಲ್ಲ. ನಮ್ಮತ್ತೆ ಹೆಡ್‌ಮೇಡಂ ಆಗಿ ನಿವೃತ್ತರಾದವರು. ಅವರ ಹಳೆಯ ವಿದ್ಯಾರ್ಥಿಗಳು ತಲೆ ನರೆತ ಮೇಲೂ ದಾರಿಯಲ್ಲಿ ಅವರು ಎದುರಾದರೆ ಅಂಗಿಯ ಗುಂಡಿ ಹಾಕಿಕೊಳ್ಳುತ್ತಾರೆ. ಅವರು ನಮ್ಮಲ್ಲಿಗೆ ಬಂದು ಟೀ ಮಾಡಿದರಂತೂ ಮಹಡಿ ಮನೆಯವರು ಸಕ್ಕರೆ ಕೇಳುವ ನೆಪ ಮಾಡಿಕೊಂಡು ಇಳಿದು ಬರುತ್ತಾರೆ! ಅಂಥವರು ನನ್ನ ಮದುವೆಯಾದಾಗಿನಿಂದ ನನ್ನನ್ನು ಒಂದು ಸಲವೂ ಹೊಗಳಿಲ್ಲ. ಬೈದದ್ದೂ ಇಲ್ಲ, ಅದೇ ಇನ್ನೂ ಬೇಜಾರು. ನಾನೋ ಎಲೆಮರೆಯ ಕಾಯಿ. ಆ ಎಲೆಯಿಂದಲೇ ಅವರ ಕಣ್ಣಿಗೆ ಬೀಳೋಣ ಎಂದು ನನ್ನ ಕನ್ನಡಕದ ಅಂಗಡಿಗೆ ಅರ್ಧ ದಿನ ಬೀಗ ಹಾಕಿ ಹೊರಟೆ.

ಮೊದಲ ಅಂಗಡಿಯವನು ಕೊಟ್ಟದ್ದು ಎಲೆಯಲ್ಲ, ಗುಡಿಸಿದ ಕಸ. ಎರಡನೆಯವನದು ಸೋಪಿನ ಪರಿಮಳ. ಕುಡಿಯಬೇಕೋ ಮೈಗೆ ಹಚ್ಚಬೇಕೋ ತಿಳಿಯಲಿಲ್ಲ. ಕೊನೆಗೆ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಒಂದು ಕಿರಿದಾದ ಅಂಗಡಿ ಸಿಕ್ಕಿತು. ಅಂಗಡಿಯವನು ಬಿಳಿ ಬಟ್ಟಲಿಗೆ ಚಿಟಿಕೆ ಎಲೆ ಹಾಕಿ ಬಿಸಿನೀರು ಸುರಿದ. ಮುದುರಿಕೊಂಡಿದ್ದ ಕಪ್ಪು ಎಲೆ ಮೈಮುರಿದು ಎದ್ದ ಮಗುವಿನ ಹಾಗೆ ಮೆಲ್ಲಗೆ ಬಿಚ್ಚಿಕೊಂಡಿತು, ನೀರಿಗೆ ಜೇನಿನ ಬಣ್ಣ ಬಂತು. ನಿಜಕ್ಕೂ ಬೆರಗಾದೆ!

"ಯಾವ ಘಮ ಬರ್ತಿದೆ ಸಾರ್?" ಎಂದ.

ನನ್ನ ಅಂಗಡಿಯಲ್ಲಿ ಗಿರಾಕಿಗಳು ಕೊನೆಯ ಸಾಲಿನ ಅಕ್ಷರ ಕಾಣದಿದ್ದರೂ ಅಂದಾಜಿನ ಮೇಲೆ ಓದಿಬಿಡುತ್ತಾರಲ್ಲ, ಹಾಗೆ ನಾನೂ "ಹೂವಿನದು!" ಎಂದೆ. ಅವನು ತಲೆಯಾಡಿಸಿದ. ಪಾಸು! ಡಬ್ಬಿ ತುಂಬಾ ಎಲೆ ತಂದು ಹೆಂಡತಿಗೆ ಪಾಠ ಶುರುಮಾಡಿದೆ.

"ಹಾಲು ಹಾಕಬಾರದು. ಸಕ್ಕರೆ ಬೇಡ. ಮುಖ್ಯವಾಗಿ, ಕುದಿಸಲೇಬಾರದು!"

"ಮತ್ತೆ ಒಲೆ ಹತ್ರ ಹೋಗೋದಾದ್ರೂ ಯಾಕೆ?"

ಅರಸಿಕರ ಜೊತೆ ವಾದ ಬೇಡವೆಂದು ಡಬ್ಬಿಯ ಮುಚ್ಚಳ ಬಿಗಿದಿಟ್ಟೆ. ಭಾನುವಾರ ಬೆಳಿಗ್ಗೆ ಹೊಸ ಯೋಚನೆ ಬಂತು. ಎಲೆ ಅರಳುವುದನ್ನು ಅತ್ತೆ ಕಣ್ಣಾರೆ ನೋಡಬೇಡವೇ? ಗಾಜಿನ ಕೆಟಲ್ ತರಲು ಪೇಟೆಗೆ ಓಡಿದೆ. ಅದನ್ನು ಕೂಸಿನಂತೆ ಎದೆಗವಚಿಕೊಂಡು ಬಂದು ಬಾಗಿಲು ತೆರೆದರೆ ಅಡುಗೆಮನೆಯಿಂದ ಮಿಕ್ಸಿಯ ಆರ್ಭಟ! ಅತ್ತೆ ಆಗಲೇ ಬಂದು ಸೆರಗು ಸಿಕ್ಕಿಸಿ ನಿಂತಿದ್ದರು. ಪಕ್ಕದಲ್ಲಿ ನನ್ನ ಡಬ್ಬಿ, ಬರಿದೋ ಬರಿದು.

"ಅರೆರೇ!" ಎಂದು ಕಿರುಚಿದೆ.

"ಅರೆದಾಯ್ತು ಅಳಿಯಂದಿರೇ," ಎಂದರು ಅತ್ತೆ ಸಮಾಧಾನವಾಗಿ. "ಆ ಅಂಗಡಿಯವನು ನಿಮಗೆ ಟೋಪಿ ಹಾಕಿದ್ದಾನೆ. ಟೀ ಪುಡಿ ಅಂತ ಹೇಳಿ ಪುಡಿ ಮಾಡದೇನೇ ಕೊಟ್ಟಿದ್ದಾನೆ ನೋಡಿ!"

ಎಲೆಯ ಜೊತೆ ನನ್ನ ಆಸೆಯೂ ಪುಡಿಪುಡಿ! ಹೆಂಡತಿಯನ್ನು ನೋಡಿದೆ. ಅವಳು ಸೆರಗನ್ನು ಬಾಯಿಗೆ ತುರುಕಿಕೊಂಡು ಗೋಡೆಯ ಕಡೆ ತಿರುಗಿದ್ದಳು. ಅಷ್ಟರಲ್ಲಿ ಅತ್ತೆ ಹಾಲು, ಸಕ್ಕರೆ, ಪುಡಿ ಎಲ್ಲ ಸೇರಿಸಿ ಕುದಿಸಿದರು. ಉಕ್ಕಿ ಬಂದಾಗ ಇಳಿಸಿ, ಮತ್ತೆ ಇಟ್ಟು ಕುದಿಸಿದರು. ಸಾವಿನ ಮನೆಗೆ ಬಂದವನಂತೆ ಲೋಟ ಕೈಗೆತ್ತಿಕೊಂಡೆ.

ಏನೆಂದು ಹೇಳಲಿ! ಅಂಥ ಟೀ ನನ್ನ ಜನ್ಮದಲ್ಲಿ ಕುಡಿದಿರಲಿಲ್ಲ. ಕಣ್ಣು ತಾನಾಗಿ ಮುಚ್ಚಿಕೊಂಡಿತು. ಅತ್ತೆಯ ಕೈಗೆ ಮನಸ್ಸಿನಲ್ಲೇ ಅಡ್ಡಬಿದ್ದೆ. ಆ ಘಮಕ್ಕೆ ಮಹಡಿಯವರು ಇಳಿದರು, ಪಕ್ಕದ ಮನೆಯವರು ಬಂದರು, ಪೇಪರ್ ಬಿಲ್ ಕೇಳಲು ಬಂದವನೂ ಕೂತುಬಿಟ್ಟ. ಸಂಜೆಯೊಳಗೆ ಪುಡಿಯೆಲ್ಲ ಖಾಲಿ. ಅತ್ತೆ ಮಾತ್ರ ನನ್ನ ಬಗ್ಗೆ ತುಟಿ ಎರಡು ಮಾಡಲಿಲ್ಲ. ಹೊರಡುವಾಗ "ಆ ಅಂಗಡಿ ಎಲ್ಲಿ?" ಎಂದು ಕೇಳಿಕೊಂಡು ಹೋದರು, ಅಷ್ಟೇ.

ಮರುದಿನ ಸಂಜೆ ಕಳ್ಳನ ಹಾಗೆ ಅದೇ ಓಣಿ ಹೊಕ್ಕೆ. "ಮೊನ್ನೆ ಕೊಟ್ಟ ಎಲೆನೇ ಕೊಡಿ," ಎಂದು ದನಿ ತಗ್ಗಿಸಿ, "ಸ್ವಲ್ಪ... ಪುಡಿ ಮಾಡಿ," ಎಂದೆ.

ಅವನು ನನ್ನನ್ನು ಮೇಲಿಂದ ಕೆಳಗೆ ನೋಡಿದ. "ಕನ್ನಡಕದ ಅಂಗಡಿ ಸಾರ್ ನೀವೇ ಅಲ್ವಾ? ನಿಮ್ಮತ್ತೆ ಬೆಳಿಗ್ಗೆ ಬಂದಿದ್ರು. 'ಎಲೆ ಆರಿಸೋದ್ರಲ್ಲಿ ನಮ್ಮ ಅಳಿಯಂದಿರನ್ನ ಮೀರಿಸೋರಿಲ್ಲ' ಅಂತ ಹೊಗಳಿದ್ದೇ ಹೊಗಳಿದ್ದು!"

ಅಬ್ಬಾ! ಎದೆ ಉಬ್ಬಿ ಅಂಗಿ ಬಿಗಿಯಾಯಿತು. "ಹೌದಾ! ಇನ್ನೇನಂದ್ರು?"

"'ಅವರು ಮತ್ತೆ ಬಂದ್ರೆ ಇಡೀ ಎಲೆ ಮಾತ್ರ ಕೈಗೆ ಕೊಡ್ಬೇಡಿ' ಅಂದ್ರು ಸಾರ್. 'ಪಾಪ, ಕುದಿಸೋಕೂ ಬರಲ್ಲ ಅವರಿಗೆ, ಹಾಗೇ ನೆನೆಸಿಕೊಂಡು ಕುಡಿದುಬಿಡ್ತಾರೆ!'"